ನಾಲ್ಕನೇ ನಿಮಿಷದಲ್ಲಿ ಒಂದು ದನಿ

ಗಾಜಿನ ಮುಖ ನಿನ್ನ ಎದೆಗಿರಲಿ, ಬೆನ್ನು ಆಚೆಗೆ,
ಭಾರವೆಲ್ಲ ಮುಖದಲ್ಲೇ ಇದೆ ಇದಕ್ಕೆ,
ಅನ್ನುತ್ತಾನೆ ತಿಹೊಮಿರ್, ಪ್ರತಿಸಲವೂ,
ನಾನಿನ್ನೂ ಹೊಸಬಳೆಂಬಂತೆ.
ಇದು ನಲವತ್ತಮೂರನೆಯದು.
ಅವನ ಸೊಂಟ ಹದಿನೇಳನೆಯದಕ್ಕೇ ಹೋಯಿತು;
ಅಲ್ಲಿಂದ ಹೊರುವವಳು ನಾನು, ಹೇಳುವವನು ಅವನು.

ನಮ್ಮ ಬಚ್ಚಲಲ್ಲಿ ಮೂರು ಟಿವಿ. ಮಂಚದಡಿ ಕೀಲಿಮಣೆಗಳು,
ಮಗ್ಗುಲಾದರೆ ಹಲ್ಲು ಕಡಿದಂಥ ಸದ್ದು.
ಜ್ರೆನ್ಯಾನಿನ್‌ನಲ್ಲಿ ಯಾರ ಅಟ್ಟ ಖಾಲಿಯಾದರೂ
ಮೊದಲ ಫೋನು ನಮಗೆ, ಎರಡನೆಯದು ಗುಜರಿಯವನಿಗೆ.
ಹೊಸ ಟಿವಿ ಬಂದಿದೆಯಲ್ಲ, ಗೋಡೆಯಷ್ಟಗಲ, ಎಂದರೆ
ಅದಕ್ಕೆ ಯೋಚನೆ ಜಾಸ್ತಿ, ಅನ್ನುತ್ತಾನೆ:
ಗುಂಡಿ ಒತ್ತಿದ್ದಕ್ಕೂ ಗೊಂಬೆ ನೆಗೆದದ್ದಕ್ಕೂ ನಡುವೆ
ಎವೆಯಿಕ್ಕುವಷ್ಟು ತಡ. ಆ ಎವೆಯೊಳಗೇ
ಸಾಯುವುದು, ಎಲ್ಲರೂ.

ಸ್ಪೊಮೆಂಕಾಳ ಮನೆ ನಾಲ್ಕನೇ ಮಹಡಿ. ಲಿಫ್ಟು ಕೆಟ್ಟಿದೆ
ಎಂಬ ಬೋರ್ಡೇ ಹಳತಾಗಿತ್ತು.
ನೀಶ್ ಕಾರ್ಖಾನೆಯ ಟಿವಿ, ತಲೆಯ ಮೇಲೆ ಕ್ರೋಶಾ ಹೊದಿಕೆ,
ಹೊದಿಕೆ ಎತ್ತಿದರೆ ಮರದ ಮೇಲೆ ಅದರದ್ದೇ ನೆರಳು,
ಬಿಸಿಲು ವರ್ಷಗಟ್ಟಲೆ ಕೂತು ಹಾಕಿದ ಹೆಣಿಗೆ.
ಜೊತೆಗೊಂದು ಸ್ಪೆಕ್ಟ್ರಮ್: ಮ್ಯೂನಿಕ್‌ನಿಂದ ಚಿಕ್ಕಪ್ಪ
ಕೋಟಿನ ಅಸ್ತರಿನೊಳಗಿಟ್ಟು ಹೊಲಿಸಿ ಗಡಿ ದಾಟಿಸಿದ್ದು,
ಗುಂಡಿಗಳು ಇಲಿಕಿವಿಯಷ್ಟು ಮೆತ್ತಗೆ.
ಮತ್ತೆ ಒಂದೇ ಒಂದು ಕ್ಯಾಸೆಟ್ಟು.
'ರೇಡಿಯೋದ್ದು' ಎಂದಷ್ಟೇ ಅದರ ಬೆನ್ನಿಗೆ.

ಆಗೆಲ್ಲ ರಾತ್ರಿಹೊತ್ತು ರೇಡಿಯೋ ಆಟಗಳನ್ನು ಬಿತ್ತುತ್ತಿತ್ತಂತೆ.
ಹಾಡಲ್ಲ, ಮಾತಲ್ಲ, ಕಬ್ಬಿಣದ ಹಂಡೆಯನ್ನು
ಕಲ್ಲಿನ ಮೇಲೆ ಎಳೆದಂತೆ ಐದು ನಿಮಿಷ.
ಹಿಡಿದುಕೊಂಡವರಿಗೆ ಅದು ಕಾಡು, ಕಪ್ಪೆ, ಗಗನನೌಕೆ;
ಮಿಕ್ಕವರಿಗೆ, ರೇಡಿಯೋ ಕೆಟ್ಟಿದೆ.

ಮನೆಗೆ ತಂದು ಹಾಕಿದ.
ಅಂಚಿನಲ್ಲಿ ನೀಲಿ ಹಳದಿ ಪಟ್ಟೆ ಓಡಿತು, ಓಡಿತು,
ನಾಲ್ಕನೇ ನಿಮಿಷಕ್ಕೆ ನಿಂತಿತು. ಟೇಪಿನಲ್ಲಿ ದೋಷ.
ಹನ್ನೊಂದು ಸಲ. ಹನ್ನೊಂದು ಸಲವೂ ಅಲ್ಲೇ.
ಸ್ಪೀಕರಿಗೆ ಹಾಕಿ ಕೇಳಿದರೆ ಆ ಕರಕರದೊಳಗಿಂದ
ಒಬ್ಬ ಹೆಂಗಸು, ಹಂಗೇರಿಯನ್ನಿನಲ್ಲಿ:
ಬೋದ್ರೀ, ಮನೆಗೆ ಬಾ.
ಬೆರಕೆ ಊರು ನಮ್ಮದು, ಯಾರಮ್ಮನಾದರೂ ಆಗಬಹುದು.

ನನ್ನ ಗಂಟಲು ಕಟ್ಟಿತು, ಸುಳ್ಳೇಕೆ.
ತೀರಿಹೋದ ತಾಯಿ, ಅಡ್ಡಹೆಸರಿನ ಮಗು, ಆರುತ್ತಿರುವ ಸೂಪು,
ಒಂದೇ ರಾತ್ರಿಯಲ್ಲಿ ಇಡೀ ಸಂಸಾರ ಹೂಡಿಬಿಟ್ಟೆ.
ತಿಹೊಮಿರ್‌ಗೆ ಮಾತ್ರ ಅದು ಎರಡೂವರೆ ಸೆಕೆಂಡಿನ ಗಾಯ.
ಮೂರು ವಾರ, ಸೊನ್ನೆ ಒಂದು ಸೊನ್ನೆ ಎಂದು ಗೊಣಗುತ್ತ
ಹರಿದಲ್ಲಿಗೆ ಊಹೆಯ ನೂಲಿನ ತೇಪೆ.
ಆ ದನಿ ಬಿಸಾಡಬೇಡ, ಬೇರೆ ತೆಗೆದಿಡು, ಅಂದೆ. ಇಟ್ಟ.

ಕರೆದೆವು, ಬಂದಳು. ಬಚ್ಚಲಿಗೆ ಹೋಗಿಬಂದೂ ಏನೂ ಅನ್ನಲಿಲ್ಲ.
ದನಿ ಕೇಳಿಸಿದರೆ ಅವಳು ನಕ್ಕ ನಗೆಗೆ
ಕಾಫಿ ತಟ್ಟೆಗೆ ಚೆಲ್ಲಿತು.
"ನಮ್ಮಮ್ಮನೇ? ಕೆಳಮನೆಯ ಪಿರೋಷ್ಕಾ ಇದು!
ಬೋದ್ರಿ ಅವಳ ನಾಯಿ. ಕಿಟಕಿ ಹಾಕಪ್ಪಾ ಅಂದರೆ
ನಮ್ಮಪ್ಪನಿಗೆ ಸಿಗರೇಟು, ಗಾಳಿ ಬೇಕು, ಆಮೇಲೆ..."
ಅಲ್ಲಿಗೆ ತಟ್ಟನೆ ಕುರ್ಚಿಯ ತುದಿಗೆ ಸರಿದು,
"ಅಂದರೆ, ಓಡಿತಾ ಅದು?"

ಹಿಡಿದವಳು ಅವಳೇ. ಹದಿನಾಲ್ಕು ವಯಸ್ಸು.
ಎರಡು ಗುಂಡಿ ಒಟ್ಟಿಗೆ ಒತ್ತಿ, ರೇಡಿಯೋಗೆ ಮೈಕು ಒಡ್ಡಿ,
ಉಸಿರು ಬಿಗಿಹಿಡಿದು ಕೂತದ್ದು.
ಆ ಆಟ ಮತ್ತೆ ಬರಲಿಲ್ಲ ರೇಡಿಯೋದಲ್ಲಿ. ಅಣ್ಣ ಹೇಳಿದ,
ಹುಡುಗಿಯರ ಕೈಗೆ ಕ್ಯಾಸೆಟ್ಟು ಕೊಟ್ಟರೆ ಹೀಗೇ.

ಟಿವಿ ಹಚ್ಚಿದೆವು. ಗಾಜಿಗೆ ಮುಂಗೈ ಒಡ್ಡಿದಳು,
ರೋಮ ಎದ್ದು ಚಟಚಟ ಅಂದಿತು.
ಆಟ ಅಂಥದ್ದೇನಲ್ಲ: ಒಂದು ಗೋಡೆ, ಒಂದು ಬಸವನಹುಳು,
ಮೇಲಿಂದ ಬೀಳುವ ಉಪ್ಪಿನ ಹರಳು.
ಮೊದಲ ಹರಳಿಗೇ ಸತ್ತಳು. ಎರಡನೆಯದಕ್ಕೂ.
ನಿನ್ನ ಎವೆ ಇಲ್ಲೂ ಇದೆಯಲ್ಲೋ, ಅಂದೆ ಮೆಲ್ಲಗೆ.
ಅದು ಟಿವಿಯದಲ್ಲ, ಅಂದ.

ಹನ್ನೊಂದೂಕಾಲು. ಗಾಜಿಗೂ ಅವಳಿಗೂ ಇನ್ನೂ ಒಂದೇ ಗೇಣು.
ಕಿಟಕಿ ಮುಚ್ಚಿ ಬಂದು
ಸೂಪು ಬಿಸಿಗಿಟ್ಟೆ.
ಕರೆಯಲಿಲ್ಲ.